ಬಣ್ಣವಿಲ್ಲದ ಚೆಲುವು



ಗೋಪಿನಾಥಂ ಕಡೆ ಹೋಗಿದ್ದ ನನ್ನ ತಂಗಿಯ ಮಗಳು ಮೊನ್ನೆ ಬಂದು ಮೊಬೈಲು ಮುಂದೆ ಹಿಡಿದಳು. ಮಲೆಮಹದೇಶ್ವರ ಬೆಟ್ಟದ ಆಚೆಯ ಕಾಡು, ಬಂಡೆ, ಕಾವೇರಿ... ನೂರಾರು ಚಿತ್ರಗಳು. “ಬಣ್ಣವೆಲ್ಲ ಬಂದಿದೆ ದೊಡ್ಡಮ್ಮ, ಆದರೆ ಅಲ್ಲಿ ನಿಂತಾಗ ಕಂಡದ್ದು ಇದರಲ್ಲಿಲ್ಲ. ಮನೇಲಿ ಬೇರೆ, ಇದೆಲ್ಲಾ ಕೆಲಸವಿಲ್ಲದವರ ಹುಚ್ಚು ಅಂತಾರೆ” ಎಂದು ಮುಖ ಸಣ್ಣದು ಮಾಡಿದಳು.

ಆಗ ನನಗೆ ನೆನಪಾದವರು ಸಂಡೂರಿನ ಎಂ. ವೈ. ಘೋರ್ಪಡೆ (1931–2011). ರಾಜಮನೆತನದವರು. 1972ರಲ್ಲಿ ದೇವರಾಜ ಅರಸರ ಸಂಪುಟ ಸೇರಿ ರಾಜ್ಯದ ಹಣಕಾಸು ನೋಡಿಕೊಂಡರು. ಅಂಥ ಜವಾಬ್ದಾರಿಯ ನಡುವೆಯೂ ಕ್ಯಾಮೆರಾ ಬಿಡಲಿಲ್ಲ. ಕಾಡು, ಕಾಡುಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದೇ ಹೆಸರಾದರು. 1983ರಲ್ಲಿ ಬಂದ ಅವರ ಪುಸ್ತಕದ ಹೆಸರು ‘ಸನ್‌ಲೈಟ್ ಅಂಡ್ ಶ್ಯಾಡೋಸ್’, ಅಂದರೆ ಬಿಸಿಲು-ನೆರಳು. ಗುಟ್ಟೆಲ್ಲ ಆ ಹೆಸರಿನಲ್ಲೇ ಇದೆ ನೋಡಿ!

ಬಣ್ಣ ತೆಗೆದರೆ ಹಸಿರೆಲೆ, ಕಂದು ಬಂಡೆ ಎರಡೂ ಬೂದಿಯಂತಾಗಿ ಒಂದರಲ್ಲೊಂದು ಕಲೆತುಬಿಡಬಹುದು. ಅವನ್ನು ಬೇರೆ ಮಾಡಿ ತೋರಿಸುವುದು ಬೆಳಕು. ನಡುಮಧ್ಯಾಹ್ನ ನೆತ್ತಿಯ ಬಿಸಿಲಿಗೆ ಬೆಟ್ಟ ಚಪ್ಪಟೆ. ಬೆಳಿಗ್ಗೆ, ಸಂಜೆ ಪಕ್ಕದಿಂದ ಬಿಸಿಲು ಬಿದ್ದಾಗ ಕಲ್ಲಿನ ಒರಟು, ಮರದ ತೊಗಟೆ, ಬೆಟ್ಟದ ಮಡಿಕೆ ಎಲ್ಲ ಎದ್ದು ಕಾಣುತ್ತವೆ. ಮಂಜಿದ್ದರಂತೂ ಹತ್ತಿರದ ಬೆಟ್ಟ ಕಪ್ಪು, ಅದರಾಚೆಯದು ಬೂದು, ಕೊನೆಯದು ಬಿಳಿಚು. ದೂರವೇ ಕಣ್ಣಿಗೆ ಕಾಣಿಸಿದ ಹಾಗೆ. ಆದರೆ ಅಂಥ ಗಳಿಗೆಗೆ ಕಾಯಬೇಕು.

“ಅವರು ರಾಜರು, ನಮಗೆಲ್ಲಿ ಆ ಅನುಕೂಲ?” ಎನ್ನುತ್ತೀರಾ? ನಿಜವೇ. ಆದರೆ ಅರಮನೆಯ ಬಿಸಿಲೂ ನಮ್ಮ ಹಿತ್ತಿಲ ಬಿಸಿಲೂ ಒಂದೇ ತಾನೆ?

ನಾಳೆಯೇ ಮಾಡಿ ನೋಡಿ. ಹಿತ್ತಿಲ ಬಾಳೆಗಿಡವನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೇ ಜಾಗದಲ್ಲಿ ನಿಂತು ತೆಗೆಯಿರಿ. ಮೊಬೈಲಿನಲ್ಲೇ ಬಣ್ಣ ತೆಗೆದು ಮೂರನ್ನೂ ಹೋಲಿಸಿ. ಎಲೆಯ ನರ ಯಾವುದರಲ್ಲಿ ಎದ್ದು ಕಂಡಿತೋ ಅದೇ ನಿಮ್ಮ ಹೊತ್ತು. ನಮ್ಮ ಹುಡುಗಿ ಮಾಡಿ ನೋಡಿದಳು. ಈಗ ಮತ್ತೆ ಗೋಪಿನಾಥಂಗೆ ಹೋಗುತ್ತಾಳಂತೆ, ಈ ಸಲ ನಸುಕಿಗೇ ಏಳಲು!

ಮನೆಯವರು ಹುಚ್ಚು ಎಂದರೆ ನಗುತ್ತಲೇ ಹೇಳಿ: ಮಂತ್ರಿಗಿರಿಯ ನಡುವೆ ಒಬ್ಬರಿಗೆ ಪುರುಸೊತ್ತು ಸಿಕ್ಕಿತ್ತು, ಅಡಿಗೆಮನೆಯ ನಡುವೆ ನನಗೂ ಅರ್ಧ ಗಂಟೆ ಬೇಕು.