ವಿಷವಾಯುವಿನ ವಕಾಲತ್ತು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ನೆಯ ಇಸವಿಯಲ್ಲಿ ಮಾರ್ಟಿಮರ್ ವೀಲರ್ ಸಾಹೇಬರು ಕಂದಕಗಳನ್ನು ತೋಡಿಸಿ, ಕಲ್ಲುಕೊಡಲಿಯ ಕಾಲದಿಂದ ಮೊದಲ್ಗೊಂಡು ಜನಜೀವನದ ಪದರಗಳನ್ನು ಬೆಳಕಿಗೆ ತಂದರು. ಅದಕ್ಕೆ 30 ವರ್ಷಗಳ ಹಿಂದೆ ಅವರು ಫಿರಂಗಿ ದಳದ ಅಧಿಕಾರಿಯಾಗಿ ಬೆಲ್ಜಿಯಂ ದೇಶದ ಪಾಶೆಂಡೇಲ್ ರಣರಂಗದಲ್ಲಿದ್ದರು. ಅಲ್ಲಿಯೂ ಮನುಷ್ಯನು ಕಂದಕಗಳನ್ನು ತೋಡಿದ್ದನು; ಆದರೆ ಅವುಗಳಲ್ಲಿ ವಿಷವಾಯುವು ತುಂಬಿತ್ತು. ಆ ವಾಯುವಿಗೆ ವಕಾಲತ್ತು ವಹಿಸಿದವರೂ ಉಂಟು. ಅವರ ವಾದಗಳನ್ನು ಪರೀಕ್ಷಿಸಿ ನೋಡುವುದು ಅವಶ್ಯಕವು.

ಗುಂಡಿಗಿಂತಲೂ ವಿಷವಾಯುವೇ ದಯಾಳುವೆಂಬುದು ಮೊದಲನೆಯ ವಾದ. ಹಾಲ್ಡೇನರಂತಹ ಮಹಾ ವಿಜ್ಞಾನಿಯೇ 1925ರಲ್ಲಿ ಇದಕ್ಕಾಗಿ ಪುಸ್ತಕವೊಂದನ್ನು ಬರೆದರು. ಆ ಯುದ್ಧದಲ್ಲಿ ವಿಷವಾಯುವಿಗೆ ಸಿಕ್ಕಿದವರು ಸುಮಾರು 13 ಲಕ್ಷ, ಸತ್ತವರು ಸುಮಾರು 90,000 ಎಂಬುದು ಸಾಮಾನ್ಯ ಅಂದಾಜು. ಆದರೆ ಹೆಣಗಳನ್ನು ಮಾತ್ರ ಎಣಿಸುವ ಲೆಕ್ಕವು ದಯೆಯ ಲೆಕ್ಕವೆ? ಕ್ಲೋರಿನ್ ಗಾಳಿಗಿಂತ ಭಾರವಾದುದು. ಗುಂಡಿನಿಂದ ಕಾಪಾಡುವ ಕಂದಕಕ್ಕೇ ಅದು ಇಳಿಯುತ್ತದೆ. ಶ್ವಾಸಕೋಶವನ್ನು ಸುಟ್ಟು ನೀರು ತುಂಬಿಸಿ, ಒಣನೆಲದ ಮೇಲೆಯೇ ಮನುಷ್ಯನನ್ನು ಮುಳುಗಿಸುತ್ತದೆ. 1917ರಲ್ಲಿ ಬಂದ ಮಸ್ಟರ್ಡ್ ಗ್ಯಾಸ್ ಮೈಯಲ್ಲಿ ಬೊಬ್ಬೆಗಳನ್ನೆಬ್ಬಿಸಿ, ಕಣ್ಣುಗಳನ್ನು ಕೆಡಿಸಿ, ಮಣ್ಣಿನಲ್ಲಿ ದಿನಗಟ್ಟಲೆ ಹೊಂಚುಹಾಕುತ್ತಿತ್ತು. 1915ನೆಯ ಏಪ್ರಿಲ್ 26ರಂದು ಈಪ್ರ್ ಬಳಿ ಮುಖವಾಡವಿಲ್ಲದೆ ಈ ಹೊಗೆಯೊಳಗೆ ನುಗ್ಗಿದ ಭಾರತೀಯ ಸೈನಿಕರಲ್ಲಿ ಜಮಾದಾರ್ ಮೀರ್ ದಸ್ತ್ ಒಬ್ಬನು. ಗಾಯಾಳುಗಳನ್ನು ಹೊತ್ತು ತಂದುದಕ್ಕಾಗಿ ಅವನಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ವಿಷವು ಮಾತ್ರ ಅವನನ್ನು ಬಿಡಲಿಲ್ಲ. ಹಾಲ್ಡೇನರ ಲೆಕ್ಕದಲ್ಲಿ ಅವನು ಬದುಕಿದವನು.

ಶತ್ರುವು ಮಾಡಿದುದನ್ನು ತಾನೂ ಮಾಡಬಹುದೆಂಬುದು ಎರಡನೆಯ ವಾದ. ವಿಷವಾಯುವನ್ನು ಹರಡುವ ಗುಂಡುಗಳನ್ನು 1899ರ ಹೇಗ್ ಘೋಷಣೆಯು ನಿಷೇಧಿಸಿತ್ತು. 1915ನೆಯ ಏಪ್ರಿಲ್ 22ರಂದು ಜರ್ಮನರು ಗುಂಡುಗಳನ್ನು ಬಿಟ್ಟು, ಉರುಳೆಗಳಿಂದ ವಾಯುವನ್ನು ಗಾಳಿಗೊಪ್ಪಿಸಿದರು: ಅಕ್ಷರವು ಉಳಿಯಿತು, ಧರ್ಮವು ಸತ್ತಿತು. ಇದನ್ನು ಹಳಿದ ಬ್ರಿಟಿಷರು 5 ತಿಂಗಳು ಕಳೆಯುತ್ತಲೇ ಲೂಸ್ ಎಂಬಲ್ಲಿ ಅದನ್ನೇ ಮಾಡಿದರು. ಕೆಲವೆಡೆ ಗಾಳಿಯು ತಿರುಗಿ ಆ ವಿಷವು ಅವರ ಮೇಲೆಯೇ ಬಂದಿತು. ಪರರ ಪಾಪವನ್ನು ಅಳತೆಗೋಲಾಗಿ ಹಿಡಿದವನಿಗೆ ಪುಣ್ಯಪಾಪಗಳ ಮೇರೆಯೆಲ್ಲಿ?

ಇದೆಲ್ಲವೂ ಪಾಶ್ಚಾತ್ಯರ ಪಾಪ, ಭಾರತಕ್ಕೆ ಸಂಬಂಧವಿಲ್ಲವೆಂಬುದು ಮೂರನೆಯ ವಾದ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಲಿ: ಕಣ್ಣು ಕಳೆಯುವ, ಪ್ರಾಣ ತೆಗೆಯುವ ಹೊಗೆಗಳ ಯೋಗಗಳು ಅಲ್ಲಿಯೂ ಉಂಟು. ಆದರೆ ಕೌಟಿಲ್ಯನು ಪಟ್ಟಕ್ಕೇರಿಸಿದನೆನ್ನುವ ಚಂದ್ರಗುಪ್ತನ ಮೊಮ್ಮಗನು, ಕಳಿಂಗದಲ್ಲಿ ಗೆದ್ದೂ ಪರಿತಪಿಸಿದ ಅಶೋಕನು, ಪ್ರಾಣಿದಯೆಯನ್ನೂ ಸತ್ಯವನ್ನೂ ಬ್ರಹ್ಮಗಿರಿಯ ಬಂಡೆಯ ಮೇಲೆ ಕೊರೆಯಿಸಿದನು. ವಿಷದ ಪಾಠ, ದಯೆಯ ಪಾಠ ಎರಡೂ ಈ ದೇಶದ್ದೇ. ಆರಿಸಿಕೊಳ್ಳುವ ಹೊಣೆಯೂ ಈ ದೇಶದ್ದೇ. ವಿಷವಾಯುವಿನ ಸಂಗ್ರಹವುಂಟೆಂದು 1997ರಲ್ಲಿ ಒಪ್ಪಿಕೊಂಡ ಭಾರತವು 2009ರೊಳಗೆ ಅದನ್ನು ನಾಶಮಾಡಿ, ಬಿಡುವುದು ಅಸಾಧ್ಯವಲ್ಲವೆಂದು ತೋರಿಸಿತು.

ಆದರೂ ಒಂದು ಪ್ರಶ್ನೆಯು ಉಳಿಯುತ್ತದೆ. ಈಪ್ರ್‌ನಲ್ಲಿ ಆ ಉರುಳೆಗಳನ್ನು ಹೂಳಿಸಿದ ಹಾಬರ್ ಪಂಡಿತನೇ ಗಾಳಿಯ ಸಾರಜನಕದಿಂದ ಅಮೋನಿಯ ಮಾಡಿ, ಹೊಲಗಳಿಗೆ ಗೊಬ್ಬರದ ದಾರಿ ತೆರೆದವನು. 1918ರ ನೊಬೆಲ್ ಪಾರಿತೋಷಕವನ್ನು ಪಡೆದವನು. ಯುದ್ಧಕಾಲದಲ್ಲಿ ವಿದ್ಯೆಯು ಸ್ವದೇಶಕ್ಕೆ ಮಾತ್ರ ಸಲ್ಲತಕ್ಕದ್ದೆಂದು ಅವನು ನಂಬಿದನು. ಇಂದು ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ವಿಜ್ಞಾನ ಸಂಸ್ಥೆಗಳೂ ರಕ್ಷಣಾ ಸಂಶೋಧನೆಯ ಕೇಂದ್ರವೂ ನೆಲೆಗೊಂಡಿವೆ. ಅವುಗಳನ್ನು ಆ ಪಾಪದೊಡನೆ ಜೋಡಿಸುವುದು ಅನ್ಯಾಯ. ಆದರೆ ಅಂತಹ ವಿದ್ಯೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಸೂತ್ರಗಳೊಡನೆ ಇದನ್ನೂ ಕಲಿಸಬೇಕು: ದೇಶವು ಕೇಳಿದರೂ ಮಾಡಬಾರದ ಕೆಲಸವೊಂದುಂಟು. ಹಾಬರನಿಗೆ ರಸಾಯನವು ತಿಳಿದಿತ್ತು. ತಿಳಿಯದೆ ಹೋದುದು ಇಷ್ಟೇ.