ಅನರ್ಹತೆಯ ಅವಧಿ ಬರೆಯಬೇಕಾದವರು ಯಾರು?

ಅನರ್ಹಗೊಂಡ ಶಾಸಕರು ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೂರೇ ತಿಂಗಳಲ್ಲಿ ಮಂತ್ರಿಗಳಾಗುವುದಾದರೆ ಆ ತೀರ್ಪಿಗೆ ಏನು ಬೆಲೆ? ಕರ್ನಾಟಕದ 2019ರ ಪಕ್ಷಾಂತರದ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆಯಿದು. ಇದರ ಹಿಂದಿನ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟು ಕೋರ್ಟಿನ ಮೇಲೆ ತಿರುಗಿದ್ದು ಸರಿಯಲ್ಲ ಎಂಬುದು ನನ್ನ ಅನಿಸಿಕೆ.

ಆ ಪ್ರಕರಣದ ಶೀರ್ಷಿಕೆಯಲ್ಲಿರುವುದು ಕಾಗವಾಡದ ಅಂದಿನ ಶಾಸಕ ಶ್ರೀಮಂತ ಪಾಟೀಲರ ಹೆಸರು. ವಿಶ್ವಾಸಮತದ ಚರ್ಚೆ ಶುರುವಾದಾಗ ಅವರು ಮುಂಬೈನ ಆಸ್ಪತ್ರೆಯಲ್ಲಿದ್ದರು. ಅಥಣಿಯ ಮಹೇಶ ಕುಮಠಳ್ಳಿ ಅದಾಗಲೇ ರಾಜೀನಾಮೆ ಕೊಟ್ಟಿದ್ದರು. ಜುಲೈ 23ರಂದು ಕಾಂಗ್ರೆಸ್–ಜೆಡಿಎಸ್ ಸಮ್ಮಿಶ್ರ ಸರ್ಕಾರ 99–105 ಮತಗಳಿಂದ ಬಿತ್ತು. ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅದೇ ತಿಂಗಳ 25 ಮತ್ತು 28ರಂದು 17 ಮಂದಿಯನ್ನು ಅನರ್ಹಗೊಳಿಸಿದರು. ವಿಧಾನಸಭೆಯ ಅವಧಿ ಮುಗಿಯುವವರೆಗೂ ಅವರು ಸ್ಪರ್ಧಿಸುವಂತಿಲ್ಲ ಎಂದರು.

ನವೆಂಬರ್ 13ರಂದು ನ್ಯಾಯಮೂರ್ತಿ ಎನ್.ವಿ. ರಮಣ ಅವರ ನೇತೃತ್ವದ ಪೀಠ ಈ ಆದೇಶದ ಅರ್ಧವನ್ನು ಎತ್ತಿಹಿಡಿಯಿತು, ಅರ್ಧವನ್ನು ಅಳಿಸಿತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅನರ್ಹತೆಯಿಂದ ಪಾರಾಗಲಾಗದು ಎಂದಿತು. ಇದು ಸಣ್ಣ ಮಾತಲ್ಲ. ಆದರೆ ಮರುಸ್ಪರ್ಧೆಗೆ ಇಷ್ಟು ಕಾಲ ನಿಷೇಧ ಎಂದು ಹೇಳುವ ಅಧಿಕಾರ ಸ್ಪೀಕರ್‌ಗೆ ಇಲ್ಲ ಎಂದೂ ಹೇಳಿತು.

ಟೀಕಾಕಾರರಿಗೆ ಚುಚ್ಚುವುದು ಈ ಎರಡನೆಯ ಭಾಗ. ಆದರೆ ಸಂವಿಧಾನವನ್ನೇ ತೆರೆದು ನೋಡಿ. 2003ರ 91ನೇ ತಿದ್ದುಪಡಿ ಸೇರಿಸಿದ 164(1ಬಿ) ವಿಧಿಯ ಪ್ರಕಾರ, ಪಕ್ಷಾಂತರದಿಂದ ಅನರ್ಹಗೊಂಡವರು ತಮ್ಮ ಅವಧಿ ಮುಗಿಯುವವರೆಗೆ ಅಥವಾ ಮತ್ತೆ ಗೆದ್ದುಬರುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಂತ್ರಿಯಾಗುವಂತಿಲ್ಲ. ಅಂದರೆ ಅವಧಿಯ ನಡುವೆಯೇ ಮರುಸ್ಪರ್ಧೆ ನಡೆಯಬಹುದೆಂದು ಸಂಸತ್ತೇ ಎಣಿಸಿತ್ತು. ಸಂಸತ್ತು ತೆರೆದಿಟ್ಟ ಬಾಗಿಲಿಗೆ ಸ್ಪೀಕರ್ ಬೀಗ ಹಾಕಬಹುದೇ? ಇಂದು ನಮಗೆ ಮೆಚ್ಚುಗೆಯಾದವರು ಸ್ಪೀಕರ್ ಸ್ಥಾನದಲ್ಲಿರಬಹುದು, ನಾಳೆ ಬೇರೆಯವರು ಬರುತ್ತಾರೆ.

ಇನ್ನೊಂದು ಕಾರಣವೂ ಇದೆ. ಆ ಆಗಸ್ಟ್‌ನಲ್ಲಿ ಕೃಷ್ಣೆ ಮತ್ತು ಉಪನದಿಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನದಿತೀರದ ಊರುಗಳಿಗೆ ನೀರು ನುಗ್ಗಿತು. ಬೆಳೆ, ಮನೆ ಕಳೆದುಕೊಂಡ ಅಥಣಿ, ಕಾಗವಾಡದ ಜನರ ಪರವಾಗಿ ಕೇಳಲು ಶಾಸಕರೇ ಇರಲಿಲ್ಲ. ಅನರ್ಹತೆಯ ಮೊದಲ ಪೆಟ್ಟು ಬೀಳುವುದು ಮತದಾರನಿಗೆ. ಇಂಥ ಅಧಿಕಾರವನ್ನು ಕಾನೂನು ಎಷ್ಟು ಕೊಟ್ಟಿದೆಯೋ ಅಷ್ಟೇ ಬಳಸಬೇಕು.

ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಪಾಟೀಲ, ಕುಮಠಳ್ಳಿ ಇಬ್ಬರೂ ಬಿಜೆಪಿಯಿಂದ ಗೆದ್ದರು. ಪಾಟೀಲರು 2020ರ ಫೆಬ್ರುವರಿ 6ರಂದು ಮಂತ್ರಿಯಾದರು, ಕುಮಠಳ್ಳಿ ಆಗಲಿಲ್ಲ. 2023ರಲ್ಲಿ ಇಬ್ಬರೂ ಸೋತರು. ‘ಕೊನೆಗೂ ಮತದಾರ ಪಕ್ಷಾಂತರಿಗಳಿಗೆ ಬುದ್ಧಿ ಕಲಿಸಿದ’ ಎನ್ನುವವರಿದ್ದಾರೆ. ನನ್ನ ವಾದಕ್ಕೆ ಅನುಕೂಲವಾದರೂ ಈ ಮಾತನ್ನು ನಾನು ಒಪ್ಪಲಾರೆ. ಅಥಣಿಯಲ್ಲಿ ಗೆದ್ದ ಲಕ್ಷ್ಮಣ ಸವದಿ, ಕಾಗವಾಡದಲ್ಲಿ ಗೆದ್ದ ರಾಜು ಕಾಗೆ ಇಬ್ಬರೂ ಬಿಜೆಪಿಯಿಂದಲೇ ಕಾಂಗ್ರೆಸ್ಸಿಗೆ ಬಂದವರು. ಆದರೆ ಪಕ್ಷ ಬದಲಿಸಿದಾಗ ಕಾಗೆ ಶಾಸಕರಾಗಿರಲಿಲ್ಲ. ಸವದಿ ವಿಧಾನ ಪರಿಷತ್ತಿನ ಸ್ಥಾನ ಬಿಟ್ಟು ಬಂದರು, ಯಾವ ಸರ್ಕಾರವನ್ನೂ ಬೀಳಿಸಲಿಲ್ಲ. ಪಕ್ಷ ಬದಲಿಸುವುದನ್ನೇ ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಅನುಸೂಚಿ ಅಪರಾಧ ಎನ್ನುವುದಿಲ್ಲ. ಒಂದು ಪಕ್ಷದ ಚಿಹ್ನೆಯಿಂದ ಗೆದ್ದ ಸ್ಥಾನದಲ್ಲಿದ್ದುಕೊಂಡೇ ಆ ಪಕ್ಷಕ್ಕೆ ತಿರುಗಿಬೀಳುವುದು ಅದರ ಗುರಿ. ಮತಪೆಟ್ಟಿಗೆ ಆ ವ್ಯತ್ಯಾಸ ಗುರುತಿಸುತ್ತದೆಂಬ ಭರವಸೆಯಿಲ್ಲ. ಉಪಚುನಾವಣೆಯಲ್ಲಿ ಆಳುವ ಪಕ್ಷಕ್ಕಿರುವ ಬಲವನ್ನೂ ಮರೆಯುವಂತಿಲ್ಲ.

ಆದ್ದರಿಂದ ಕಾನೂನಿನಲ್ಲಿ ಕೊರತೆಯಿದೆ ಎಂಬ ದೂರು ನಿಜ. ಅನರ್ಹಗೊಂಡವರು ಅದೇ ವಿಧಾನಸಭೆಯ ಅವಧಿಯಲ್ಲಿ ಮತ್ತೆ ಸ್ಪರ್ಧಿಸುವಂತಿಲ್ಲ ಎಂಬ ನಿಯಮ ಬೇಕೆನ್ನಿಸಿದರೆ ಅದನ್ನು ತರಬೇಕಾದದ್ದು ಸಂಸತ್ತು. ಹತ್ತನೇ ಅನುಸೂಚಿಯನ್ನು ಗಟ್ಟಿಗೊಳಿಸಬೇಕೆಂದು ಆ ತೀರ್ಪೇ ಸೂಚಿಸಿದೆ. ಅಥಣಿ, ಕಾಗವಾಡ ಎರಡೂ ಚಿಕ್ಕೋಡಿ ಲೋಕಸಭಾ ಕ್ಷೇತ್ರದಲ್ಲಿವೆ. ಮುಂದಿನ ಸಲ ಮತ ಕೇಳಲು ಬರುವ ಅಭ್ಯರ್ಥಿಗಳನ್ನೆಲ್ಲ, ಯಾವ ಪಕ್ಷದವರೇ ಆಗಲಿ, ಈ ತಿದ್ದುಪಡಿಗೆ ಕೈ ಎತ್ತುತ್ತೀರಾ ಎಂದು ಕೇಳಬಹುದು. ಕೋರ್ಟನ್ನು ಬೈಯುವುದಕ್ಕಿಂತ ಅದು ಉಪಯೋಗದ ಕೆಲಸ.