ನಡುವಣ ಕಾವಲು



ಮನೆಯಲ್ಲಿ ಮದುವೆ ಸಾಂಗವಾಗಿ ನೆರವೇರಿತೆಂದರೆ ಬಂದವರೆಲ್ಲರೂ ಮಂಟಪದ ಅಲಂಕಾರವನ್ನೂ ಊಟದ ರುಚಿಯನ್ನೂ ಹೊಗಳಿ ಹೊರಡುತ್ತಾರೆ. ಉಗ್ರಾಣದ ಬಾಗಿಲಲ್ಲಿ ಮೂರು ದಿನ ಕದಲದೆ ಕುಳಿತು, ಯಾವುದಕ್ಕೂ ಕೊರತೆಯಾಗದಂತೆ ನೋಡಿಕೊಂಡ ಚಿಕ್ಕಪ್ಪನನ್ನು ಯಾರೂ ನೆನೆಯುವುದಿಲ್ಲ. ಕೊರತೆಯಾದರೆ ಮಾತ್ರ ಅವನ ಹೆಸರು ಎಲ್ಲರ ಬಾಯಿಗೂ ಬರುವುದು!

ಕಾಲ್ಚೆಂಡಿನ ಆಟದಲ್ಲಿಯೂ ಇಂತಹ ಉಗ್ರಾಣದ ಕಾವಲುಗಾರನೊಬ್ಬನುಂಟು. ಹಿಂದಿನ ರಕ್ಷಕರಿಗೂ ಮುಂದಿನ ಆಟಗಾರರಿಗೂ ನಡುವೆ ನಿಂತು, ಎದುರಾಳಿಗಳ ದಾಳಿಯು ಬಲಿಯುವ ಮೊದಲೇ ಅದನ್ನು ಮುರಿದು, ಚೆಂಡನ್ನು ಸಮೀಪದ ಗೆಳೆಯನಿಗೆ ಒಪ್ಪಿಸಿ, ಪುನಃ ತನ್ನ ಸ್ಥಾನಕ್ಕೆ ಮರಳುವುದೇ ಅವನ ಕೆಲಸ. ಅವನು ಚೆನ್ನಾಗಿ ಆಡಿದ ದಿನ ಪ್ರೇಕ್ಷಕರಿಗೆ ಏನೂ ಕಾಣಿಸದು. ಏಕೆಂದರೆ ನಡೆಯಬಹುದಾಗಿದ್ದ ಅನಾಹುತವು ನಡೆದೇ ಇರುವುದಿಲ್ಲ. ಪೋರ್ಚುಗಲ್ ದೇಶದ ಕೋಸ್ಟಿನ್ಯ ಎಂಬಾತನು ಈ ಕೆಲಸದಲ್ಲಿಯೇ ಜೀವನವನ್ನು ಸವೆಸಿದವನು. ಅವನ ಕಥೆಯನ್ನು ಈ ತಿಂಗಳು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಫ್ರಾನ್ಸಿಸ್ಕೊ ಜೋಸೆ ರೊಡ್ರಿಗೆಸ್ ದ ಕೋಸ್ಟ ಎಂಬುದು ಅವನ ಪೂರ್ಣನಾಮ. 1974ರ ಡಿಸೆಂಬರ್ 1ರಂದು ಲಿಸ್ಬನ್ ನಗರದಲ್ಲಿ ಜನನ. ಊರಿನ ಓರಿಯೆಂಟಲ್ ಎಂಬ ಸಣ್ಣ ತಂಡದಲ್ಲಿ ಆರಂಭಿಸಿ, ಬಳಿಕ ಸಮುದ್ರಮಧ್ಯದ ಮದೀರಾ ದ್ವೀಪಕ್ಕೆ ಹೋಗಿ, ಅಲ್ಲಿಯ ಮಶೀಕು, ನಾಸಿಯೊನಾಲ್ ಎಂಬ ತಂಡಗಳಲ್ಲಿ ಆಡಿದನು. ಸ್ವದೇಶದ ಪ್ರಥಮ ಶ್ರೇಣಿಯಲ್ಲಿ ಒಂದು ಪಂದ್ಯವನ್ನೂ ಆಡದಿದ್ದ ಈ ತರುಣನನ್ನು 1997ರಲ್ಲಿ ಮೊನಾಕೊ ತಂಡದವರು ಕರೆಸಿಕೊಂಡರು. 2000ದಲ್ಲಿ ಆ ತಂಡವು ಫ್ರಾನ್ಸಿನ ಲೀಗ್ ಪಂದ್ಯಾವಳಿಯನ್ನು ಗೆದ್ದಿತು. ಮರುವರ್ಷ ಅವನು ಪೋರ್ಟೊ ತಂಡಕ್ಕೆ ಬಂದನು. ಉಡುಪಿನಲ್ಲಿಯೂ ನಡೆಯಲ್ಲಿಯೂ ಬಹಳ ಅಚ್ಚುಕಟ್ಟಾಗಿದ್ದುದರಿಂದ ಜನರು ಅವನಿಗೆ ‘ಮಂತ್ರಿ’ ಎಂದು ಅಡ್ಡಹೆಸರಿಟ್ಟರು. ನಮ್ಮ ಹಿಂದಿನವರು ರಾಜ್ಯದ ಸಪ್ತಾಂಗಗಳನ್ನು ಎಣಿಸುವಾಗ ಸ್ವಾಮಿಯ ತರುವಾಯ ಅಮಾತ್ಯನನ್ನೇ ಹೇಳಿರುವುದು ನನಗಿಲ್ಲಿ ನೆನಪಾಗುತ್ತದೆ.

ಕಾವಲುಗಾರನಿಗೆ ಗೋಲು ಹೊಡೆಯುವ ಅವಕಾಶ ದೊರೆಯುವುದು ವಿರಳ. ಆದರೆ ದೊರೆತಾಗ ಈತನು ಏನು ಮಾಡಿದನೆಂಬುದನ್ನು ನೋಡಿ. 2000ದ ಯೂರೋಪು ಪಂದ್ಯಾವಳಿಯಲ್ಲಿ ರುಮೇನಿಯದೊಡನೆ ಆಟವು ಸಮನಾಗಿ ಮುಗಿಯುವುದರಲ್ಲಿತ್ತು. ಬದಲಿ ಆಟಗಾರನಾಗಿ ಮೈದಾನಕ್ಕಿಳಿದ ಕೋಸ್ಟಿನ್ಯನು, ನಿಯಮಿತ ಕಾಲ ಕಳೆದು ಹೆಚ್ಚಿನ ನಿಮಿಷಗಳು ನಡೆಯುತ್ತಿರುವಾಗ, ಫೀಗೊ ಕಳುಹಿಸಿದ ಚೆಂಡನ್ನು ತಲೆಯಿಂದ ಹೊಡೆದು ಜಯವನ್ನು ತಂದನು.

2004ರ ಮಾರ್ಚ್ 9ರಂದು ಮ್ಯಾಂಚೆಸ್ಟರಿನಲ್ಲಿ ನಡೆದುದು ಇದಕ್ಕಿಂತಲೂ ದೊಡ್ಡದು. ಎರಡು ಪಂದ್ಯಗಳ ಆ ಸ್ಪರ್ಧೆಯಲ್ಲಿ ಮೊದಲನೆಯದನ್ನು ಪೋರ್ಟೊ 2–1ರಿಂದ ಗೆದ್ದಿತ್ತು. ಎರಡನೆಯದರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಒಂದು ಗೋಲಿನಿಂದ ಮುಂದಿತ್ತು. ಪರಸ್ಥಳದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಬೆಲೆಯಿದ್ದ ಅಂದಿನ ನಿಯಮದಂತೆ, ಆಟವು ಹಾಗೆಯೇ ಮುಗಿದಿದ್ದರೆ ಪೋರ್ಟೊ ಹೊರಬೀಳಬೇಕಾಗಿತ್ತು. ತೊಂಬತ್ತನೆಯ ನಿಮಿಷದಲ್ಲಿ ಮೆಕಾರ್ಥಿ ಒದ್ದ ಚೆಂಡನ್ನು ಗೋಲು ಕಾಯುವವನು ತಡೆದನಾದರೂ ಹಿಡಿಯಲಾರದೆ ಹೋದನು. ಚಿಮ್ಮಿದ ಚೆಂಡಿನ ಬಳಿಗೆ ಮೊದಲು ಬಂದವನು ಈ ಕಾವಲುಗಾರನೇ! ಅವನ ಒಂದು ಒದೆತಕ್ಕೆ ಸ್ಪರ್ಧೆಯ ಗತಿಯೇ ಬದಲಾಯಿತು. ಅದೇ ಮೇ 26ರಂದು ಜರ್ಮನಿಯ ಗೆಲ್ಸೆನ್‌ಕಿರ್ಖೆನ್ ನಗರದಲ್ಲಿ ಪೋರ್ಟೊ 3–0ರಿಂದ ಯೂರೋಪಿನ ಪ್ರಶಸ್ತಿಯನ್ನು ಗೆದ್ದಿತು. ಸೋತವರಾರು? ಒಂದು ಕಾಲದಲ್ಲಿ ಅವನನ್ನು ಕರೆದು ಅನ್ನವಿಟ್ಟ ಮೊನಾಕೊ ತಂಡದವರೇ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅರ್ಧಸತ್ಯವಾದೀತು. ಕಾಯುವವನ ಒಂದು ಕ್ಷಣದ ಮೈಮರೆವಿಗೆ ತೆರಬೇಕಾದ ಬೆಲೆಯೂ ದೊಡ್ಡದು. 2006ರ ಜೂನ್ 25ರಂದು ನ್ಯೂರೆಂಬರ್ಗಿನಲ್ಲಿ ಹಾಲೆಂಡಿನೊಡನೆ ವಿಶ್ವಕಪ್ ಪಂದ್ಯ. ಆ ದಿನ ಉಭಯಪಕ್ಷದವರೂ ತಾಳ್ಮೆಗೆಟ್ಟು, ತೀರ್ಪುಗಾರನು ಒಟ್ಟು ನಾಲ್ವರನ್ನು ಹೊರಹಾಕಬೇಕಾಯಿತು. ಅವರಲ್ಲಿ ಮೊದಲಿಗನು ನಮ್ಮ ಮಂತ್ರಿ. ಆಗಲೇ ಒಮ್ಮೆ ಎಚ್ಚರಿಕೆ ಪಡೆದಿದ್ದವನು, ವಿರಾಮಕ್ಕೆ ಕ್ಷಣಗಳು ಉಳಿದಿರುವಾಗ ಚೆಂಡನ್ನು ಕೈಯಿಂದ ತಡೆದುಬಿಟ್ಟನು. ಜೊತೆಗಾರರು ಪ್ರಾಣವನ್ನು ಪಣವಿಟ್ಟವರಂತೆ ಹೋರಾಡಿ 1–0ರ ಜಯವನ್ನು ಉಳಿಸಿಕೊಂಡರು. ಮುಂದಿನ ಪಂದ್ಯವು ಇಂಗ್ಲೆಂಡಿನೊಡನೆ, ಅದೇ ಗೆಲ್ಸೆನ್‌ಕಿರ್ಖೆನ್ ನಗರದಲ್ಲಿ. ಎರಡು ವರ್ಷಗಳ ಹಿಂದೆ ಕಿರೀಟ ದೊರೆತ ಮೈದಾನದಲ್ಲಿ ಈಗ ಅವನಿಗೆ ಆಡುವ ಅಧಿಕಾರವಿರಲಿಲ್ಲ. ಇದನ್ನು ಓದುವಾಗ ಅವನ ಮೇಲೆ ನನಗೆ ಕೋಪ ಬರಲಿಲ್ಲ, ಮರುಕವೇ ಬಂದಿತು.

ಆಮೇಲಿನ ದಿನಗಳು ಇಳಿಮುಖವಾದವು. ಇಟಲಿಯ ಅಟಲಾಂಟ ತಂಡದಲ್ಲಿ ಅವನಿಗೆ ಆಡುವ ಅವಕಾಶವೇ ಬಹುಮಟ್ಟಿಗೆ ದೊರೆಯಲಿಲ್ಲ. ಮುಂದೆ ತರಬೇತುದಾರನಾಗಿ, ತಾನು ತರುಣನಾಗಿ ಬಿಟ್ಟುಬಂದಿದ್ದ ನಾಸಿಯೊನಾಲ್ ತಂಡಕ್ಕೆ ಹಿಂದಿರುಗಿ, 2018ರಲ್ಲಿ ಅದನ್ನು ದ್ವಿತೀಯ ಶ್ರೇಣಿಯಿಂದ ಪ್ರಥಮ ಶ್ರೇಣಿಗೆ ಏರಿಸಿದನು. ಮರುವರ್ಷವೇ ಅದು ಪುನಃ ಕೆಳಗಿಳಿಯಿತು. ಏರಿದ್ದು ಇಳಿಯುವುದು ಲೋಕಧರ್ಮವಷ್ಟೆ.

ಈ ಕಥೆಯನ್ನು ಬರೆಯಲು ನನಗೆ ನನ್ನದೇ ಆದ ಕಾರಣವೊಂದುಂಟು. ಉಪಾಧ್ಯಾಯನಾಗಿದ್ದ ಅಷ್ಟೂ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನಗಳ ಪಟ್ಟಿಯನ್ನು ಬರೆಯುತ್ತಿದ್ದವನು ನಾನೇ. ಗೋಲು ಹೊಡೆದ ಹುಡುಗರ ಹೆಸರು ಅದರಲ್ಲಿ ತಪ್ಪದೆ ಇರುತ್ತಿತ್ತು. ಮೈದಾನದ ನಡುವೆ ನಿಂತು ಮೊಣಕಾಲು ಕೆತ್ತಿಸಿಕೊಳ್ಳುತ್ತಿದ್ದ ಹುಡುಗನೊಬ್ಬನಿದ್ದ. ಅವನ ಹೆಸರನ್ನು ಒಂದು ಸಲವೂ ಬರೆಯಲಿಲ್ಲ. ಸಭೆ ಮುಗಿದ ಮೇಲೆ ಬೆಂಚುಗಳನ್ನು ಎತ್ತಿಟ್ಟು ಮನೆಗೆ ಹೋಗುತ್ತಿದ್ದವನೂ ಅವನೇ. ಆ ಪಟ್ಟಿಯನ್ನು ತಿದ್ದುವ ಅಧಿಕಾರ ಈಗ ನನಗಿಲ್ಲ.

ನಿಮಗಾದರೋ ಅದು ಇನ್ನೂ ಇದೆ. ನಿಮ್ಮ ಮನೆಯಲ್ಲಿ ಉಗ್ರಾಣ ಕಾಯುವವರು ಯಾರೆಂಬುದನ್ನು ಇಂದು ರಾತ್ರಿ ಊಟಕ್ಕೆ ಕುಳಿತಾಗ ಒಮ್ಮೆ ಆಲೋಚಿಸಿ ನೋಡಿ. ಅವರಿಗೆ ಒಂದು ಒಳ್ಳೆಯ ಮಾತನ್ನು ಹೇಳಲು ಕೊರತೆಯಾಗುವವರೆಗೆ ಕಾಯಬೇಕಾದುದಿಲ್ಲ.